ಆ ಕುರಿಯ ಮೂಗು ಹೇಗಿತ್ತು

ನಮ್ಮೂರು ಮಾಡಗ್ಯಾಳದ ಕುರಿಗೆ ಮೂಗೇ ಆಸ್ತಿ. ಗಿಳಿಯ ಕೊಕ್ಕಿನ ಹಾಗೆ ಬಾಗಿದ ಮೂಗಿದ್ದರೆ ಆ ಟಗರಿಗೆ ಹಾರ ಹಾಕಿ, ಫೋಟೊ ತೆಗೆದು, ಪ್ರದರ್ಶನಕ್ಕೆ ಕರೆದೊಯ್ಯುತ್ತಾರೆ. ನೆಟ್ಟನೆ ಮೂಗಿನದು ಹುಟ್ಟಿದರೆ ಮನೆಯವರ ಮುಖವೇ ಸಪ್ಪಗಾಗುತ್ತದೆ. ಅದು ಸಂತೆಗೆ, ಅಲ್ಲಿಂದ ಕಟುಕನ ಕೈಗೆ. ಕುರಿ ಸಾಕುವ ಮನೆಯ ಚನ್ನವ್ವ ಬೆಳೆದದ್ದು ಈ ಲೆಕ್ಕದಲ್ಲೇ. ಮರಿ ಹುಟ್ಟಿ ಮೈ ಆರುವ ಮೊದಲೇ ಬೆರಳಿನಿಂದ ಮೂಗು ಸವರಿ ನೋಡುವುದು ಅವಳ ರೂಢಿ.

ತನ್ನನ್ನೂ ಅವಳು ಅದೇ ಲೆಕ್ಕಕ್ಕೆ ಹಿಡಿದಿದ್ದಳು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಸಂಖ ಊರಿನಿಂದ ತಂದು ತವರಿನಲ್ಲಿ ಬಿಟ್ಟು ಹೋಗಿ ವರ್ಷಗಳೇ ಆದವು. ಅಣ್ಣ ಬೀರದೇವ ಕೆಟ್ಟವನಲ್ಲ, ಊಟಕ್ಕೆ ಕಡಿಮೆ ಮಾಡಿಲ್ಲ. ಆದರೆ ಮನೆಯಲ್ಲಿ ಶುಭಕಾರ್ಯವಿದ್ದರೆ ಅವಳು ಕುರಿಯ ಹಿಂದೆ ಅಡವಿಗೆ. ಯಾರಾದರೂ ಹೇಳುವ ಮೊದಲೇ ತಾನಾಗಿ ಕೋಲು ಹಿಡಿದು ಹೊರಟುಬಿಡುತ್ತಾಳೆ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಬಟ್ಟೆ ಹೊಲಿಯುವವಳು. ನನ್ನ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಮ್ಮ ಭಾನುವಾರದ ಪ್ರಾರ್ಥನೆ ನಡೆಯುತ್ತದೆ. ರವಿಕೆ ಒಯ್ಯಲು ಬಂದ ಚನ್ನವ್ವ ಒಮ್ಮೆ ಹಾಡು ಕೇಳಿ ಒಳಗೆ ಇಣುಕಿದಳು, ಆಮೇಲೆ ಬರುತ್ತಲೇ ಇದ್ದಳು. ಕೂರುವುದು ಮಾತ್ರ ಬಾಗಿಲ ಬಳಿ, ಚಪ್ಪಲಿಗಳ ಹತ್ತಿರ. ಕೊನೆಗೆ ಪಾಸ್ಟರ್ ಸಾತಪ್ಪನವರು ಒಬ್ಬೊಬ್ಬರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಆ ಹೊತ್ತಿಗೆ ಇವಳು ಮಾಯ. ಕೈ ಹಿಡಿದು ಜಗ್ಗಿದರೆ, "ನಂದೇನದರಿ ಅಕ್ಕಾರ, ದೇವ್ರಿಗಿ ಬ್ಯಾರೆ ಕೆಲಸಿಲ್ಲೇನು" ಎನ್ನುವಳು. ಒಂದು ಸಲವಾದರೂ ಆ ಕೈ ಇವಳ ತಲೆ ಮುಟ್ಟಲಿ ಎಂದು ನನಗೆ ಹಟ ಹತ್ತಿತ್ತು.

ಕಳೆದ ತಿಂಗಳು ಒಂದು ಭಾನುವಾರ ಯೇಸುಸ್ವಾಮಿ ಹೇಳಿದ ಕುರಿಯ ಕಥೆಯನ್ನು ಪಾಸ್ಟರ್ ತೆಗೆದರು. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತು, ಕುರುಬ ಉಳಿದವನ್ನು ಅಡವಿಯಲ್ಲೇ ಬಿಟ್ಟು ಅದನ್ನು ಹುಡುಕಿ, ಹೆಗಲ ಮೇಲೆ ಹೊತ್ತು ತಂದ. ನಾನು ಸಣ್ಣವಳಿದ್ದಾಗಿನಿಂದ ಕೇಳಿದ ಕಥೆ. ನಿಜ ಹೇಳಬೇಕೆಂದರೆ ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಬಾಗಿಲ ಬಳಿ ಚನ್ನವ್ವ ಎದ್ದು ನಿಂತಳು.

"ಪಾಸ್ಟರ್, ಆ ಕುರಿ ಮೂಗ ಹ್ಯಾಂಗಿತ್ತರಿ?"

ಯಾರೂ ನಗಲಿಲ್ಲ. ನಮ್ಮೂರಲ್ಲಿ ಅದು ನಗುವ ಪ್ರಶ್ನೆಯೇ ಅಲ್ಲ. ಅಷ್ಟೂ ಕುರಿ ಬಿಟ್ಟು ಒಂದರ ಹಿಂದೆ ಹೋದನೆಂದರೆ ಭಾರೀ ಮೂಗಿನ ಟಗರೇ ಇರಬೇಕು ಎಂದು ಗಂಡಸರೂ ತಲೆಯಾಡಿಸಿದರು. ಪಾಸ್ಟರ್ ಬಿಳೂರಿನ ರೈತರ ಮಗ. ಬೈಬಲ್ಲಿನ ಪುಟದ ಮೇಲೆ ಬೆರಳಾಡಿಸಿ ನಿಜವಾಗಿಯೂ ಹುಡುಕಿದರು.

"ಮೂಗಿನ ಸುದ್ದಿ ಇದ್ರಾಗ ಇಲ್ಲವ್ವಾ."

"ಟಗರೋ, ಹೆಣ್ಣೋ?"

"ಅದೂ ಇಲ್ಲ."

"ಗಬ್ಬಾಗಿತ್ತೇನ್ರಿ?"

"ಅದನ್ನೂ ಹೇಳಿಲ್ಲ."

"ಮತ್ಯಾಕ ಹುಡಕ್ಲಾಕ ಹ್ವಾದನ್ರಿ ಅವ?"

"ತನ್ನದಿತ್ತಲ್ಲವ್ವಾ, ಅದಕ್ಕ ಹ್ವಾದ."

ಚನ್ನವ್ವ ಕೂತಳು. ಅಂದೂ ಕೊನೆಯ ಪ್ರಾರ್ಥನೆಗೆ ನಿಲ್ಲದೆ ಹೊರಟು ಹೋದಳು. ನನಗೆ ಪಾಸ್ಟರ್ ಮೇಲೆಯೇ ಸಿಟ್ಟು ಬಂತು. ಒಂದು ಚಂದದ ಮೂಗು ಸೇರಿಸಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮರುದಿನ ಮಧ್ಯಾಹ್ನ ಅವಳು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು. ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಬಂದಿದ್ದಳಂತೆ. ಸೆರಗು ಜಾರಿದ್ದೂ ಗೊತ್ತಿಲ್ಲ, ಏದುಸಿರು ಬೇರೆ.

"ಅಕ್ಕಾರ, ನಮ್ಮಣ್ಣಗ ಕೇಳಿದ್ನಿ. ನೆಟ್ಟನ ಮೂಗಿನ ಕುರಿ ಕಳದ್ರ ಎಲ್ಲಾ ಬಿಟ್ಟ ಹುಡಕ್ಲಾಕ ಹೋಗ್ತಿ ಏನಣ್ಣಾ ಅಂದ್ನಿ. ತಲಿ ಕೆಟ್ಟದೇನ ನಿಂದು ಅಂದ. ಯಾವ ಕುರುಬನೂ ಹೋಗೂದಿಲ್ರಿ. ಇಂವ ಹೋಗ್ಯಾನ. ಮೂಗ ನೋಡಿಲ್ಲ, ಗಬ್ಬ ನೋಡಿಲ್ಲ. ಬುಕ್ಕಿನ್ಯಾಗ ಬರದಿಲ್ಲಂದ್ರ ಅವ ನೋಡೇ ಇಲ್ಲರಿ."

ನಾನು ಹೌದಲ್ಲ ಎಂದೆ.

"ಹಂಗಾರ ನಾನೂ ಬರ್ತೀನಲ್ರಿ ಆ ಲೆಕ್ಕದಾಗ?"

ಕತ್ತರಿ ಬಿಸಾಕಿ ಅವಳನ್ನು ತಬ್ಬಿಕೊಂಡೆ. ಇಬ್ಬರೂ ಅತ್ತೆವು, ಹುಚ್ಚರ ಹಾಗೆ ನಕ್ಕೆವು. ಸ್ವರ್ಗಕ್ಕೆ ಮೂರೇ ಗೇಣು ಎನ್ನುತ್ತಾರಲ್ಲ, ಆ ಮಧ್ಯಾಹ್ನ ನಮಗೆ ಅಷ್ಟೂ ಉಳಿದಿರಲಿಲ್ಲ. ಅವಳು ಹೋದ ಮೇಲೆ ಯಾರದೋ ಜಂಪರಿಗೆ ತೋಳು ಉಲ್ಟಾ ಹಚ್ಚಿ, ಮರುದಿನ ಬೈಸಿಕೊಂಡೆ. ಬೈಸಿಕೊಳ್ಳುವಾಗಲೂ ನನಗೆ ನಗುವೇ.

ಮುಂದಿನ ಭಾನುವಾರ ಕೊನೆಯ ಪ್ರಾರ್ಥನೆಗೆ ಅವಳು ಎಲ್ಲರಿಗಿಂತ ಮೊದಲು ಹೋಗಿ ಮೊಣಕಾಲೂರಿದಳು. ಪಾಸ್ಟರ್ ಅವಳ ತಲೆಯ ಮೇಲೆ ಕೈಯಿಟ್ಟು, "ತಂದೆಯೇ, ನಮ್ಮ ಈ ಸಹೋದರಿಯನ್ನು" ಎಂದು ಶುರು ಮಾಡಿದರು.

ಚನ್ನವ್ವ ಕಣ್ಣು ತೆರೆದಳು. "ಹೆಸರ ತಗೊಂಡ ಮಾಡ್ರಿ, ಪಾಸ್ಟರ್. ದೇವ್ರಿಗಿ ಗೊತ್ತದ, ಖರೆ. ನನ್ನ ಕಿವೀಲೆ ನಾನೂ ಕೇಳಬೇಕಾಗ್ಯಾದ."

ಪಾಸ್ಟರ್ ಗಂಟಲು ಸರಿಮಾಡಿಕೊಂಡರು. ಮತ್ತೆ ಮೊದಲಿನಿಂದ ಶುರು ಮಾಡಿದರು, ಅವಳ ಹೆಸರು ಹಿಡಿದು, ರಸ್ತೆಯಲ್ಲಿ ಹೋಗುವವರಿಗೂ ಕೇಳುವಷ್ಟು ಗಟ್ಟಿಯಾಗಿ.