ಹಕ್ಕಿ ಕಾಯುತ್ತ ಕಲಿತ ರಕ್ತಪರಿಚಲನೆ

ಎಪ್ಪತ್ತರ ದಶಕದಲ್ಲಿ ನಮ್ಮ ಕನ್ನೊಳ್ಳಿಯಲ್ಲಿ ಹುಡುಗನೊಬ್ಬ ಓದುತ್ತಾನೋ ಇಲ್ಲವೋ ಎಂಬುದನ್ನು ಅವನ ತಲೆ ನೋಡಿ ತೀರ್ಮಾನಿಸುತ್ತಿರಲಿಲ್ಲ, ಮನೆಯ ಕಿಟಕಿ ನೋಡಿ ತೀರ್ಮಾನಿಸುತ್ತಿದ್ದರು. ಊರೆಲ್ಲ ಮಲಗಿದ ಮೇಲೂ ಅಲ್ಲಿ ಕಂದೀಲು ಉರಿಯುತ್ತಿದ್ದರೆ ಅವನು ವಿದ್ವಾಂಸ. ಆ ಲೆಕ್ಕದಲ್ಲಿ ನಾನು ಊರಿಗೇ ಹಿರಿಯ ವಿದ್ವಾಂಸ. ಕೋಳಿ ಕೂಗುವ ತನಕ ಪುಸ್ತಕದೆದುರು ಕೂತು, ಕಣ್ಣಿಗೆ ತಣ್ಣೀರು ಹೊಡೆದುಕೊಂಡು, ಮ್ಯಾಟ್ರಿಕ್ ಪರೀಕ್ಷೆಯಲ್ಲಿ ವಿಧಿಪೂರ್ವಕವಾಗಿ ನಪಾಸಾದೆ.

ಇನ್ನೊಮ್ಮೆ ಕೂರಲು ಅಪ್ಪ ಒಪ್ಪಿದ, ಕರಾರಿನ ಮೇಲೆ.

"ಈ ಸಲಾನೂ ಕೆಟ್ಟಿ ಅಂದ್ರ ಇಂಡಿಗೆ ನಡಿ, ನಿಮ್ಮ ಕಾಕಾನ ಅಡತಿ ಅಂಗಡಿಗೆ. ಚೀಲ ಹೊಲಕೋತ ಕುಂಡ್ರು."

ಕಾಳಿನ ದಲ್ಲಾಳಿ ಅಂಗಡಿ ಯಾರಿಗೆ ಬೇಕು, ನನಗೋ ಸಾಲಿ ಮಾಸ್ತರನಾಗುವ ಆಸೆ. ಮತ್ತೆ ಕಂದೀಲು ಹಚ್ಚಿದೆ. ಓದಿದ್ದು ಬಂದ ದಾರಿಯಲ್ಲೇ ಹೋಗುತ್ತಿತ್ತು. ಅಷ್ಟರಲ್ಲಿ ಜೋಳ ತೆನೆಗಟ್ಟಿತು. ಹೊಲದಲ್ಲಿ ಹಕ್ಕಿ ಕಾಯುತ್ತಿದ್ದ ಆಳು ಕಾಲು ಉಳುಕಿಸಿಕೊಂಡು ಮಲಗಿದ. ಅಪ್ಪ ನನ್ನ ಕಡೆ ನೋಡಿದ.

"ಅಪ್ಪಾ, ನನ್ನ ಅಭ್ಯಾಸ?"

"ಪುಸ್ತಕಾ ಒಯ್ಯಿ. ಗುಬ್ಬಿಗೆ ಓದಾಕ ಬರೂದಿಲ್ಲ, ಕಸಗೊಳ್ಳೂದಿಲ್ಲ."

ಹಕ್ಕಿಗಳು ಸೂರ್ಯನ ಜೊತೆಗೇ ಕೆಲಸಕ್ಕೆ ಹಾಜರಾಗುವ ಜಾತಿ. ಅವಕ್ಕಿಂತ ಮೊದಲೇ ಹೊಲದ ನಡುವೆ ಕಂಬ ನೆಟ್ಟು ಕಟ್ಟಿದ ಕಾವಲಿನ ಮಂಚಿಕೆ ಏರಬೇಕಾದರೆ ಉಂಡ ಕೂಡಲೇ ಮಲಗದೆ ಗತಿಯಿಲ್ಲ. ಹೀಗೆ ನನ್ನ ಕಂದೀಲು ಆರಿತು, ಅದರ ಜೊತೆ ಊರಲ್ಲಿದ್ದ ಪಾಂಡಿತ್ಯವೂ ಆರಿತು. "ಹುಡುಗ ಓದೂದು ಕೈ ಬಿಟ್ಟ ಬಿಡವ್ವಾ," ಎಂದು ಎದುರುಮನೆಯ ಅತ್ತಿ ಬಂದು ಅವ್ವನಿಗೆ ಸಮಾಧಾನ ಹೇಳಿ ಹೋದಳು.

ಮಂಚಿಕೆಯ ಮೇಲೆ ಒಂದು ಸಾಲು ಓದುವುದು, ಎದ್ದು ಕವಣೆ ಬೀಸಿ "ಹೋ... ಹೋ..." ಎಂದು ಕೂಗುವುದು, ಕೂತು ಮುಂದಿನ ಸಾಲು. ಎಳೆಬಿಸಿಲು ಹಾಳೆಯ ಮೇಲೆ ಬಿದ್ದರೆ ಅಕ್ಷರಗಳು ಎಂದೂ ಇಲ್ಲದಷ್ಟು ನೆಟ್ಟಗೆ ನಿಲ್ಲುತ್ತಿದ್ದವು. ಇನ್ನೂ ವಿಚಿತ್ರವೆಂದರೆ, ಇವತ್ತು ಅರ್ಧಂಬರ್ಧ ಹಿಡಿದದ್ದು ನಾಳೆ ಬೆಳಿಗ್ಗೆ ಪೂರ್ತಿಯಾಗಿ ಎದ್ದು ಬರುತ್ತಿತ್ತು, ನಾನು ಮಲಗಿದ ಮೇಲೆ ಅದೇ ಕೂತು ಅಭ್ಯಾಸ ಮಾಡಿಕೊಂಡಂತೆ. ಎಚ್ಚರವಿದ್ದು ನಾನು ಮಾಡಲಾರದ್ದನ್ನು ನನ್ನ ಗೊರಕೆ ಮಾಡುತ್ತಿತ್ತು. ಅಲ್ಲಿಯವರೆಗೆ ದಣಿಯುವುದಕ್ಕೇ ಓದುವುದು ಅನ್ನುತ್ತಾರೆಂದು ತಿಳಿದಿದ್ದವನಿಗೆ ಇದನ್ನು ಒಪ್ಪಿಕೊಳ್ಳುವುದು ಸ್ವಾಭಿಮಾನದ ಪ್ರಶ್ನೆಯಾಯಿತು.

ಪರೀಕ್ಷೆ ಸಿಂದಗಿಯಲ್ಲಿ. ವಿಜ್ಞಾನದ ದೊಡ್ಡ ಪ್ರಶ್ನೆ, ಹೃದಯದಲ್ಲಿ ರಕ್ತ ಹರಿಯುವ ಬಗೆ. ಬರೆಯುತ್ತ ಹೋದೆ. ರಕ್ತ ಬಲಗಡೆಯ ಮೇಲಿನ ಕೋಣೆಗೆ ಬಂತು, ಕೆಳಗಿನ ಕೋಣೆಗೆ ಇಳಿಯಿತು, ಅಲ್ಲೇ ಠಿಕಾಣಿ ಹೂಡಿತು. ಮುಂದೆ ಎಲ್ಲಿಗೆ? ಹಿಂದಿನ ಸಲ ನಪಾಸಾದದ್ದೂ ವಿಜ್ಞಾನದಲ್ಲೇ. ಕಾಕಾನ ಚೀಲಗಳು ಕಣ್ಣೆದುರು ಬಂದವು. ಅಷ್ಟರಲ್ಲಿ ಕಿಟಕಿಯ ಬಿಸಿಲು ಸರಿದು ಉತ್ತರಪತ್ರಿಕೆಯ ಮೇಲೆ ಬಿತ್ತು. ಕೈ ತಾನಾಗಿ ಮೇಲೆದ್ದಿತು, ಬಾಯಿ ತಾನಾಗಿ ತೆರೆಯಿತು.

"ಹೋ... ಹೋ..."

ಇಡೀ ಕೋಣೆ ತಿರುಗಿ ನೋಡಿತು. ಸುಪರ್ವೈಜರ್ ಧಾವಿಸಿ ಬಂದರು.

"ಯಾಕಲೇ? ಹೊರಗ ಹಾಕಬೇಕೇನು?"

"ತಪ್ಪಾತ್ರಿ ಸರ್. ಹಕ್ಕಿ ಕಾಯ್ಕೋತ ಓದೇನ್ರಿ."

ಅವರು ಬಿಸಿಲಿಗೆ ಕರ್ರಗಾದ ನನ್ನ ಮುಖವನ್ನೊಮ್ಮೆ ನೋಡಿದರು. "ನಾನೂ ಇಲ್ಲಿ ಹಕ್ಕೀನ ಕಾಯಾಕತ್ತೇನಿ. ನಾ ಒದರತೇನೇನು? ಬಾಯಿ ಮುಚಗೊಂಡು ಬರಿ."

ಬಾಯಿ ಮುಚ್ಚಿದೆ. ಆದರೆ ರಕ್ತ ಆಗಲೇ ಗುಬ್ಬಿಯ ಹಿಂಡಿನಂತೆ ಭರ್ರನೆ ಎದ್ದು ಶ್ವಾಸಕೋಶದ ಕಡೆ ಹಾರಿತ್ತು.

ಪಾಸಾದೆ. ಇಂಡಿಯ ಚೀಲಗಳು ಬೇರೆ ಯಾರನ್ನೋ ನೋಡಿಕೊಂಡವು. ಎದುರುಮನೆಯ ಅತ್ತಿ ಮಾತ್ರ ನಂಬಲಿಲ್ಲ. "ದೀಪ ಹಚ್ಚದ ಹೆಂಗ ಪಾಸಾಗ್ತಾನ? ಕಿಡಕಿಗೆ ಕೌದಿ ಕಟ್ಟಿ ಓದಿರಬೇಕು!"

ಅವ್ವ ಅಲ್ಲಗಳೆಯಲಿಲ್ಲ. ಮಗ ಮಲಗಿ ಪಾಸಾದನೆಂದು ನಾಲ್ಕು ಜನರ ಮುಂದೆ ಹೇಳುವುದಾದರೂ ಹೇಗೆ?