ಹಸು ಬಾಯಿ ಮುಚ್ಚಿಕೊಂಡ ಶನಿವಾರ

ನಿನ್ನೆ ಹೆಬ್ಬಾಳದ ಫ್ಲೈಓವರ್ ಮೇಲೆ ಜಾಮ್. ಕ್ಯಾಬಿನ ಎಫ್ಎಂನಲ್ಲಿ ಹಳೆಯ ಅಮೆರಿಕನ್ ಹಾಡೊಂದು ಬಂತು. ಕೂತಲ್ಲೇ ನಾನು ಕೋಗಿಲು ಹಳ್ಳಿಯ ನಮ್ಮ ಮನೆಯ ಜಗಲಿಗೆ ಹೋಗಿಬಿಟ್ಟೆ.

ಆಗ ಶನಿವಾರ ಸಂಜೆ ರೇಡಿಯೋದಲ್ಲಿ ಅಮೆರಿಕದ ನಂಬರ್ ಒನ್ ಹಾಡು ಹಾಕುತ್ತಿದ್ದರು. ನಾನು ಟೇಪ್ ರೆಕಾರ್ಡರನ್ನು ರೇಡಿಯೋಗೆ ಎದುರಿಟ್ಟು ಅದನ್ನು ಹಿಡಿಯುತ್ತಿದ್ದೆ. ಅದೇ ಹಾಲು ಕರೆಯುವ ಹೊತ್ತು. ಕರುವಿಗಾಗಿ ಹಸು ಕೂಗುತ್ತಿತ್ತು. ನನ್ನ ಕ್ಯಾಸೆಟ್ಟಿನ ಪ್ರತಿ ಹಾಡಿನಲ್ಲೂ ಒಂದು ಅಂಬಾ. ಸ್ಕೂಲಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಒಂದು ಶನಿವಾರ ಹಾಡು ಶುರುವಾಗುತ್ತಿದ್ದಂತೆ ಅಜ್ಜಿ ಎದ್ದು ಹೋಗಿ ಕರುವಿನ ಹಗ್ಗ ಬಿಚ್ಚಿದಳು. ಡೈರಿಗೆ ಹೋಗಬೇಕಿದ್ದ ಹಾಲನ್ನೆಲ್ಲ ಅದು ಕುಡಿಯಿತು. ಹಸು ತುಟಿ ಪಿಟಕ್ಕೆನ್ನಲಿಲ್ಲ. ಹಾಡು ಕೊನೆಯವರೆಗೂ ಶುದ್ಧವಾಗಿ ಸಿಕ್ಕಿತು. ನಾನು ಟೇಪ್ ನಿಲ್ಲಿಸುವ ಮೊದಲೇ ಅಜ್ಜಿ ಕೇಳಿದಳು, "ಪೂರ್ತಿ ಸಿಕ್ತೇನವ್ವಾ? ಆಲು ಓದ್ರೆ ಓಗ್ಲಿ ಬಿಡು."

ಅದೂ ರೆಕಾರ್ಡ್ ಆಯಿತು. ಸೋಮವಾರ ಇಡೀ ಕ್ಲಾಸು ನನ್ನ ಕ್ಯಾಸೆಟ್ಟಿಗೆ ಸಾಲು ನಿಂತಿತು.

ನಿನ್ನೆ ಕ್ಯಾಬಿನಲ್ಲಿ ಅದೇ ಹಾಡು ಮುಗಿದು ಜಾಹೀರಾತು ಬಂದಾಗ, "ಅಯ್ಯೋ, ಇನ್ನೂ ಇದೆ" ಅಂದೆ.

"ಮುಗೀತಲ್ಲ ಮೇಡಂ," ಎಂದ ಡ್ರೈವರ್.

"ಇಲ್ಲ ಕಣ್ರೀ. ಕೊನೇಲಿ ನಮ್ಮಜ್ಜಿ ಮಾತಾಡೋದನ್ನ ಕಟ್ ಮಾಡ್ಬಿಟ್ಟಿದಾರೆ."