ಗಪ್‌ಸುನಳ ಸೂಜಿ

ತೊಂಗ್ಯಂಗ್ ಬಂದರಿನ ಸಿಂಪಿ ಬಿಡಿಸುವ ಷೆಡ್ಡಿನಲ್ಲಿ ಗಪ್‌ಸುನಳಿಗೆ ನಲವತ್ತು ವರ್ಷದ ಸರ್ವಿಸು. ಆದರೆ ಅವಳ ಜಂಬವೆಲ್ಲ ಸೂಜಿಯದು. ಯಾರಿಗೆ ಹೊಟ್ಟೆ ಉಬ್ಬರಿಸಲಿ, ತಲೆ ತಿರುಗಲಿ, ಹೆಬ್ಬೆರಳಿಗೆ ದಾರ ಬಿಗಿದು, ಉಗುರಿನ ಬುಡಕ್ಕೆ ಚುಚ್ಚಿ ಕಪ್ಪು ರಕ್ತ ತೆಗೆಯುತ್ತಿದ್ದಳು. ಅರ್ಧಕ್ಕರ್ಧ ಜನ ತೇಗಿ ಎದ್ದು ಹೋಗುತ್ತಿದ್ದರು. ಅಷ್ಟು ಸಾಕಾಗಿತ್ತು ಅವಳಿಗೆ ಡಾಕ್ಟರಾಗಲು.

ಆ ಡಿಸೆಂಬರಿನ ಬೆಳಿಗ್ಗೆ ಒಂಬತ್ತಕ್ಕೆ, ಪಕ್ಕದಲ್ಲಿ ಕೂತಿದ್ದ ತಂಗಿ ಬೊಂಗ್‌ಜಾಳ ಬಲಗೈಯಿಂದ ಚಾಕು ಎರಡು ಸಲ ಜಾರಿ ಬಿತ್ತು.

“ಏನೇ, ರಾತ್ರಿ ಸೋಜು ಹೆಂಡ ಜಾಸ್ತಿ ಏರಿಸಿದ್ಯಾ?” ಗಪ್‌ಸುನ್ ಛೇಡಿಸಿದಳು.

“ಅಕ್ಕಾ, ಕೈ...” ಎಂದಳು ಬೊಂಗ್‌ಜಾ. ಮುಂದಿನದು ಬರೀ ತೊದಲು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಎದುರಿಗಿದ್ದ ಹೆಂಗಸು ಫೋನ್ ತೆಗೆದಳು. “ಇದು ಲಕ್ವ ಕಣಕ್ಕಾ! ಆಂಬುಲೆನ್ಸ್ ಕರೀತೀನಿ.”

“ಸುಮ್ನಿರೇ! ರಕ್ತ ತೆಗೀದೆ ಅಲ್ಲಾಡಿಸಿದ್ರೆ ಸತ್ತೇ ಹೋಗ್ತಾಳೆ. ಅವಳ ಕೈ ಹಿಡ್ಕೊಳ್ರೇ!”

ಗಪ್‌ಸುನಳಿಗೆ ಎದುರಾಡುವವರು ಯಾರು? ಫೋನ್ ಜೇಬಿಗೆ ಹೋಯಿತು.

ಹತ್ತು ಬೆರಳಿಗೂ ಚುಚ್ಚಿದಳು. ಚಿನ್ನದ ರೇಕು ಸುತ್ತಿದ ನಾಟಿ ಮದ್ದಿನ ಗುಳಿಗೆಯನ್ನು ನೀರಲ್ಲಿ ಅರೆದು ಬಾಯಿಗೆ ಹೊಯ್ದಳು. ಬೊಂಗ್‌ಜಾ ಕೆಮ್ಮಿ ಕೆಮ್ಮಿ ಸುಸ್ತಾದಳು. “ನೋಡಿ, ಎಷ್ಟು ಕಪ್ಪಗಿದೆ! ಕೆಟ್ಟದ್ದೆಲ್ಲ ಹೊರಗೆ ಬಂತು,” ಎಂದು ಹಿಂದಿನ ಕೋಣೆಯ, ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ತಂಗಿಯನ್ನು ಮಲಗಿಸಿ, ಬಂದು ಮತ್ತೆ ಸಿಂಪಿ ಬಿಡಿಸುತ್ತ ಕೂತಳು. ಆ ಧೈರ್ಯ ನೆನೆದರೆ ಷೆಡ್ಡಿನವರಿಗೆ ಇಂದಿಗೂ ಮೈ ಉರಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಎಬ್ಬಿಸಲು ಹೋದರೆ ಬೊಂಗ್‌ಜಾ ಏಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, “ಶುರುವಾಗಿದ್ದು ಎಷ್ಟು ಗಂಟೆಗೆ?”

“ಒಂಬತ್ತಕ್ಕೆ.”

ಅವರು ಗಡಿಯಾರ ನೋಡಿದರು. ಸ್ಕ್ಯಾನ್ ಮುಗಿಸಿ ಬಂದು ಹೇಳಿದರು: “ರಕ್ತದ ಹೆಪ್ಪು ಕರಗಿಸೋ ಔಷಧಿ ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕಿತ್ತು ಅಜ್ಜಿ. ಮಿದುಳಿನ ಎಡಭಾಗ ಆಗ್ಲೇ ಸತ್ತಿದೆ. ಅದ್ಸರಿ, ಬೆರಳಿಗೆಲ್ಲ ಏನು ಗಾಯ?”

ಷೆಡ್ಡಿನಿಂದ ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ಗಪ್‌ಸುನ್ ಸೂಜಿಯಿದ್ದ ಜೇಬನ್ನು ಮುಚ್ಚಿ ಹಿಡಿದಳು.

ಬೊಂಗ್‌ಜಾ ಬದುಕಿದಳು, ಮಾತು ಹೋಯಿತು, ಬಲಗೈಯ ಸ್ವಾಧೀನ ಹೋಯಿತು. ಗಪ್‌ಸುನ್ ಸೂಜಿಯನ್ನು ಸಮುದ್ರಕ್ಕೆ ಎಸೆದಳು. ಈಗ ಷೆಡ್ಡಿನಲ್ಲಿ ಯಾರಾದರೂ ತಲೆ ಸುತ್ತು ಅಂದರೆ, “ನಗು ನೋಡೋಣ! ಎರಡೂ ಕೈ ಎತ್ತು!” ಎಂದು ಗದರಿ ಲಕ್ವದ ಗುರುತು ನೋಡುತ್ತಾಳೆ.

ಮನೆಯಲ್ಲಿ ಮಾತ್ರ ಗದರಲು ಆಗುವುದಿಲ್ಲ. ಗಂಜಿ ಕುಡಿದು ಹೊಟ್ಟೆ ಉಬ್ಬರಿಸಿದಾಗಲೆಲ್ಲ ಬೊಂಗ್‌ಜಾ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಅಕ್ಕನ ಮಡಿಲಲ್ಲಿಡುತ್ತಾಳೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೂಜಿಗಾಗಿ ಕಾಯುತ್ತಾಳೆ.